ಚರ್ಮ ನೆನೆಸಿದ ನೀರು

ಮರ ಬಿತ್ತು. ಬೀಳಲಿ ಎಂದು ನಾಲ್ಕು ಜನರ ಮುಂದೆ ನಿಂತು ಹೇಳಿದವಳು ಅತ್ತಿಗೆಯೇ. ಅದನ್ನು ಆಮೇಲೆ ಅವಳ ಮುಖಕ್ಕೆ ಎತ್ತಿ ಆಡದವರಿಲ್ಲ. ಆದರೆ ಅವಳ ಬಾಯಿಂದ ಆ ಮಾತನ್ನು ಆಡಿಸಿದವರು ಯಾರು, ಆಡಿಸಿ ಏನು ಮಾಡಿದರು ಎನ್ನುವುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅದನ್ನು ಹೇಳಬೇಕು.

ಅವಳು ಚಪ್ಪಲಿ ಹೊಲಿಯುವವಳು. ದೊಡ್ಡ ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ, ಹಳೆಯ ಮಳೆಮರದ ಬುಡದಲ್ಲಿ ಅವಳ ಜಾಗ. ಜಾಗ ಎಂದರೆ ಒಂದು ಗೋಣಿಚೀಲ ಹಾಸುವಷ್ಟು. ಬಲಗಡೆ ಬೀಗ ರಿಪೇರಿಯವನು. ಎಡಗಡೆ ಚಹಾದವಳ ತಳ್ಳುಗಾಡಿ. ಎಲ್ಲರಿಗೂ ಅವಳು ಅತ್ತಿಗೆ. ಮೊದಲು ಹಾಗೆ ಕರೆದವನು ಅವಳ ಮೈದುನ. ಅವಳು ಮದುವೆಯಾಗಿ ಬಂದಾಗ ಅವನು ಮೂಗು ಒರೆಸಿಕೊಳ್ಳಲೂ ಬಾರದ ಹುಡುಗ. ತಾಯಿ ಇಲ್ಲದವನು. ಸೊಂಟದ ಮೇಲೆ ಹೊತ್ತು ತಂದು ಮರದ ಬುಡದಲ್ಲಿ ಕೂರಿಸಿಕೊಂಡು ಅವಳು ಹೊಲಿಯುತ್ತಿದ್ದಳು. ಹಸಿವಾದರೆ "ಅತ್ತಿಗೇ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಕೇಳಿ ಕೇಳಿ ಬೀಗದವನೂ ಅತ್ತಿಗೆ ಎಂದ, ಚಹಾದವಳೂ ಎಂದಳು, ಕಿತ್ತ ಚಪ್ಪಲಿ ಹಿಡಿದು ಆಸ್ಪತ್ರೆಯಿಂದ ಓಡಿ ಬರುವ ರೋಗಿಗಳ ಕಡೆಯವರೂ ಎಂದರು.

ಗಂಡನಿಗೆ ಒಂದು ಕಾಲು ಸೊಟ್ಟ. ಕಂಕುಳಲ್ಲಿ ಊರುಗೋಲು. ಆದರೆ ಕೈ ಮಾತ್ರ ದೇವರು ಕೊಟ್ಟ ಕೈ. ಚಪ್ಪಲಿ ಕವುಚಿ ಹಾಕಿ ಮೊಳೆ ಹೊಡೆಯುವ ಕಬ್ಬಿಣದ ಪಾದವನ್ನು ನೆಲದ ಮೇಲೆ ಇಟ್ಟರೆ ಏಟಿಗೆ ಕುಣಿಯುತ್ತದೆ. ಅದಕ್ಕೆ ಅವನು ಅದರ ಕಾಲನ್ನು ಮರದ ಒಂದು ಮೇಲ್ಬೇರಿನೊಳಗೆ ಬಡಿದು ನಿಲ್ಲಿಸಿದ್ದ. ವರ್ಷ ಕಳೆದಂತೆ ಬೇರು ಬೆಳೆದು ಕಬ್ಬಿಣವನ್ನು ಅಪ್ಪಿ ಹಿಡಿಯಿತು. ಸಂಜೆ ಉಳಿ, ದಬ್ಬಳ, ಮೇಣದ ದಾರ ಎಲ್ಲ ಗಂಟು ಕಟ್ಟಿ ಮನೆಗೆ ಹೋದರೂ ಆ ಪಾದ ಅಲ್ಲೇ ಇರುತ್ತಿತ್ತು. ಕದಿಯಲು ಯಾರಿಂದಲೂ ಆಗುತ್ತಿರಲಿಲ್ಲ.

"ನನ್ನ ಬೀಗಕ್ಕೂ ಈ ಹಿಡಿತ ಇಲ್ಲ ಕಣೋ," ಎಂದು ಬೀಗದವನು ಹೊಟ್ಟೆ ಉರಿದುಕೊಳ್ಳುತ್ತಿದ್ದ.

ಒಣಗಿದ ಚರ್ಮವನ್ನು ನೆನೆಸದೆ ಹೊಲಿಯಲು ಬರುವುದಿಲ್ಲ. ಪಕ್ಕದಲ್ಲಿ ಒಂದು ಬೋಗುಣಿ ನೀರು ಯಾವಾಗಲೂ ಇರಬೇಕು. ಸಂಜೆ ಆ ನೀರನ್ನು ಗಂಡ ಚರಂಡಿಗೆ ಚೆಲ್ಲುತ್ತಿರಲಿಲ್ಲ. ಮರದ ಬುಡಕ್ಕೆ ಹಾಕುತ್ತಿದ್ದ. "ಇಡೀ ದಿನ ನಮಗೆ ನೆರಳು ಕೊಟ್ಟಿದೆ. ಅದಕ್ಕೂ ಬಾಯಾರಿರುತ್ತೆ," ಎನ್ನುತ್ತಿದ್ದ. ಅವನನ್ನು ನೋಡಿ ಚಹಾದವಳು ಲೋಟ ತೊಳೆದ ನೀರು ಹಾಕಿದಳು. ಬೀಗದವನು ಕೈ ತೊಳೆದ ನೀರು ಹಾಕಿದ. ಅತ್ತಿಗೆಗೆ ಅದೇ ಪೂಜೆ. ದೇವರ ಮನೆ ಎಂದು ಅವಳಿಗೆ ಬೇರೆ ಇರಲಿಲ್ಲ. ಗುಡಿಗೆ ಹೋದರೆ ಬಾಗಿಲಲ್ಲೇ ಅವಳನ್ನು ಕೂರಿಸಿ ಚಪ್ಪಲಿ ಕಾಯಲು ಹೇಳುತ್ತಿದ್ದರು. ಬೋಗುಣಿ ಬಗ್ಗಿಸುವಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು: ದೇವರೇ, ಇವರ ಕಾಲು ಕಾಯಿ. ಹುಡುಗನ ಹೊಟ್ಟೆ ತಣ್ಣಗಿಡು. ಈ ನೆರಳು ಇರಲಿ.

ದೇವರು ಹುಡುಗನ ವಿಷಯ ಕೇಳಿಸಿಕೊಂಡ. ಹುಡುಗ ಓದಿದ. ಗಿಡಮರಗಳ ವಿದ್ಯೆಯನ್ನೇ ಓದಿದ. ಮರದ ಬುಡದಲ್ಲಿ ಬೆಳೆದವನು ಇನ್ನೇನು ಓದುತ್ತಾನೆ ಎಂದು ಗಂಡ ಹಿಗ್ಗಿದ. ಓದಿ ನಗರದ ಮರಗಳ ಅಧಿಕಾರಿಯಾದ. ಬೇರೆ ಬಡಾವಣೆಗೆ ಮನೆ ಮಾಡಿಕೊಂಡು ಹೋದ. ಬರುವುದು ಕಡಿಮೆಯಾಯಿತು. ಬಂದರೆ ಕತ್ತಲಾದ ಮೇಲೆ ಬರುತ್ತಿದ್ದ, ಹೊರಡುವ ಮುಂಚೆ ಕೈಯನ್ನು ಸೋಪು ಹಾಕಿ ತೊಳೆಯುತ್ತಿದ್ದ. ಅತ್ತಿಗೆ ನೋಡಿಯೂ ನೋಡದ ಹಾಗೆ ಟವೆಲು ಕೊಡುತ್ತಿದ್ದಳು.

ಗಂಡನ ಕಾಲಿನ ವಿಷಯ ದೇವರು ಕೇಳಿಸಿಕೊಳ್ಳಲಿಲ್ಲ.

ಮರದ ಬೇರು ದಪ್ಪವಾಗುತ್ತ ಬಂದು ಫುಟ್‌ಪಾತಿನ ಕಲ್ಲುಗಳನ್ನು ಮೇಲಕ್ಕೆ ಎತ್ತಿತ್ತು. ಒಂದು ಸಂಜೆ ಅಂಥ ಒಂದು ಬಿರುಕಿನಲ್ಲಿ ಅವನ ಊರುಗೋಲಿನ ತುದಿ ಸಿಕ್ಕಿಕೊಂಡಿತು. ಮುಗ್ಗರಿಸಿದ. ಸೊಂಟ ಮುರಿಯಿತು. ಎದುರಿಗೇ ಆಸ್ಪತ್ರೆ. ಆದರೂ ಹಾಸಿಗೆ ಖಾಲಿ ಇಲ್ಲ ಎಂದು ಮನೆಗೆ ಕಳಿಸಿದರು. ಮಳೆಗಾಲವೆಲ್ಲ ಚಾಪೆಯ ಮೇಲೆ ಮಲಗಿದ್ದ. ಬೆನ್ನಿಗೆ ಹುಣ್ಣಾಯಿತು. ಅತ್ತಿಗೆ ಬೆಳಿಗ್ಗೆ ಅವನ ಹುಣ್ಣು ತೊಳೆದು, ಹಗಲು ಅವನ ಜಾಗದಲ್ಲಿ ಕೂತು ಹೊಲಿದು, ಸಂಜೆ ಬಂದು ಮತ್ತೆ ಹುಣ್ಣು ತೊಳೆದಳು. ಮಳೆ ನಿಲ್ಲುವ ಹೊತ್ತಿಗೆ ಅವನೂ ಇರಲಿಲ್ಲ.

ಅಂದಿನಿಂದ ಅವಳಿಗೆ ಆ ಮರದ ಮೇಲೆ ಎರಡು ಮನಸ್ಸು. ನೆರಳಿಗೆ ಕೈ ಮುಗಿಯುತ್ತಿದ್ದಳು. ಆ ಕಲ್ಲನ್ನು ಕಂಡರೆ ಉಗುಳುತ್ತಿದ್ದಳು. ಸಂಜೆಯ ನೀರು ಮಾತ್ರ ತಪ್ಪಿಸಲಿಲ್ಲ, ಅದು ಗಂಡ ಹಾಕಿದ ಅಭ್ಯಾಸ.

ಹಾಗಿರುವಾಗ ಒಂದು ದಿನ ಮೈದುನ ಹಗಲಲ್ಲೇ ಬಂದ. ಗೋಣಿಚೀಲದ ಮೇಲೆ ಅವಳ ಪಕ್ಕದಲ್ಲೇ ಕೂತ. ಅಷ್ಟಕ್ಕೇ ಅವಳ ಕಣ್ಣು ತುಂಬಿತು.

"ಅತ್ತಿಗೆ, ಈ ಮರ ತೆಗೀಬೇಕು ಅಂತ ಮಾತಾಗಿದೆ. ಬೇರು ಎಲ್ಲಾ ಕಲ್ಲು ಎಬ್ಬಿಸ್ತಿದೆ. ಅಣ್ಣನ ಗತಿ ಇನ್ನೊಬ್ಬರಿಗೆ ಆಗೋದು ಬೇಡ."

"ತೆಗೆದರೆ ನಾವೆಲ್ಲಿ ಕೂರೋದು?" ಎಂದು ಬೀಗದವನು ಅಲ್ಲಿಂದಲೇ ಕೇಳಿದ.

"ಅದಕ್ಕೇ ಬಂದಿರೋದು. ಬೇರೆ ಮರ ನೆಡ್ತೀವಿ. ಬೇರು ನೆಟ್ಟಗೆ ಕೆಳಗೆ ಹೋಗೋ ಮರ. ಅದು ನೆರಳು ಕೊಡೋವರೆಗೆ ನಿಮಗೆಲ್ಲ ತಗಡಿನ ಚಪ್ಪರ. ಯಾವ ಮರ ಬೇಕು, ನೀವೇ ಹೇಳಿ."

ಯಾವುದು ಬೇಕು ಎಂದು ಆ ಫುಟ್‌ಪಾತಿನವರನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಅವರಿಗೆ ಹುಮ್ಮಸ್ಸು ಬಂತು.

"ಮಾವು ಹಾಕಪ್ಪ," ಎಂದಳು ಚಹಾದವಳು.

"ಮಾವು ಹಾಕಿದರೆ ಕಾಯಿಗೆ ಹೊಡೆದ ಕಲ್ಲು ನನ್ನ ಬೋಳುತಲೆ ಮೇಲೇ ಬೀಳೋದು," ಎಂದ ಬೀಗದವನು. "ನಿನಗೇನು, ನಿನ್ನ ಗಾಡಿಗೆ ಮೇಲೆ ಛತ್ರಿ ಇದೆ."

"ಹುಣಸೆ?"

"ಸಣ್ಣ ಎಲೆ. ನಿನ್ನ ಚಹಾದೊಳಗೆ ಬೀಳುತ್ತೆ. ಈಗಲೇ ಕುಡಿಯೋಕಾಗಲ್ಲ."

ಮೈದುನನೂ ನಕ್ಕ. ಫೋನಿನಲ್ಲಿ ಒಂದೊಂದೇ ಮರದ ಚಿತ್ರ ತೋರಿಸಿದ. ಇದರ ಬೇರು ಪೈಪನ್ನು ಒಡೆಯುತ್ತದೆ, ಇದರದು ಗೋಡೆ ಸೀಳುತ್ತದೆ, ಇದರ ಕೊಂಬೆ ಗಾಳಿಗೆ ಮುರಿಯುತ್ತದೆ ಎಂದು ಹೇಳಿದ. ಕೊನೆಗೆ ಹೊಂಗೆ ಎಂದು ನಿಂತಿತು. ಬೇರು ಆಳಕ್ಕೆ ಇಳಿಯುತ್ತದೆ, ನೆರಳು ತಂಪು, ಎಲೆ ದಟ್ಟ. ಎಲ್ಲರೂ ಒಪ್ಪಿದರು.

"ಸಸಿ ನೆಡೋವಾಗ ಪಕ್ಕದಲ್ಲೇ ಒಂದು ಕೊಳವೆ ಇಳಿಸ್ತೀವಿ," ಎಂದ ಮೈದುನ. "ನೀರು ಸೀದಾ ತಳಕ್ಕೆ ಹೋಗಬೇಕು. ನೀರು ಎಲ್ಲಿರುತ್ತೋ ಬೇರು ಅಲ್ಲಿಗೆ ಹೋಗುತ್ತೆ. ಮೇಲೆ ಸಿಕ್ಕಿದರೆ ಮೇಲಕ್ಕೇ ಬರುತ್ತೆ."

ಅತ್ತಿಗೆ ಅಭಿಮಾನದಿಂದ ಹೇಳಿದಳು. "ಕೊಳವೆ ಯಾಕಪ್ಪ? ನೀರು ನಾವು ಹಾಕಲ್ವಾ? ನಿಮ್ಮಣ್ಣ ಚರ್ಮ ನೆನೆಸಿದ ನೀರು ಒಂದು ದಿನ ತಪ್ಪಿಸಿದವರಲ್ಲ. ಇವತ್ತಿಗೂ ನಾನು ಹಾಕ್ತೀನಿ. ಇವರೆಲ್ಲ ಹಾಕ್ತಾರೆ."

ಅವನು ಅವಳ ಮುಖ ನೋಡಿದ. "ಹೌದಾ ಅತ್ತಿಗೆ? ದಿನಾನಾ?"

"ದಿನಾ. ಈ ಮರ ಇಷ್ಟು ಬೆಳೆದದ್ದು ಮತ್ತೆ ಹೇಗೆ?"

ಅವನು ಮೇಲೆ ಬಂದ ಬೇರನ್ನು ಕಣ್ಣಿನಲ್ಲೇ ಅಳೆದ. ಆಮೇಲೆ ಅವಳ ಕೈ ಹಿಡಿದುಕೊಂಡ. ಮೇಣ ಹತ್ತಿದ ಕಪ್ಪು ಕೈ. "ಕಚೇರೀಲಿ ಸಭೆ ಇದೆ. ಮರದ ಪರವಾಗಿ ಕೆಲವರು ಕೂಗಾಡ್ತಾರೆ. ನೀವು ಬಂದು ಅಣ್ಣನ ವಿಷಯ ಒಂದು ಮಾತು ಹೇಳಿ. ನೀವು ಹೇಳಿದರೆ ಯಾರೂ ಎದುರಾಡಲ್ಲ. ಹೊಂಗೆ ಸಸಿ ನನ್ನ ಕೈಯಾರೆ ನೆಡ್ತೀನಿ. ನಿಮ್ಮ ಜಾಗ ಎಲ್ಲೂ ಹೋಗಲ್ಲ. ಅಣ್ಣನ ಮೇಲಾಣೆ."

ಸತ್ತವನ ಮೇಲೆ ಆಣೆ ಇಟ್ಟ. ಅವಳು ನಂಬಿದಳು. ನಂಬದೆ ಇನ್ನೇನು ಮಾಡುತ್ತಾಳೆ? ಹಾಲು ಕುಡಿಸಿಲ್ಲ ಎನ್ನುವುದೊಂದು ಬಿಟ್ಟರೆ ಅವನಿಗೆ ಅವಳೇ ತಾಯಿ.

ಸಭೆಗೆ ಅವಳು ಒಗೆದ ಸೀರೆ ಉಟ್ಟು ಹೋದಳು. ಉಳಿದವರು ಕುರ್ಚಿಯಲ್ಲಿ ಕೂತಿದ್ದರು. ಅವಳಿಗೆ ಗೋಡೆಯ ಪಕ್ಕ ನಿಲ್ಲಲು ಹೇಳಿದರು. ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು, ಅವಳಿಗೆ ಕಾಗದದ ಲೋಟದಲ್ಲಿ. ಮೈದುನ ಎದ್ದು, "ಈ ಹೆಂಗಸು ಫುಟ್‌ಪಾತಿನ ಕಡೆಯಿಂದ ಬಂದಿದ್ದಾರೆ," ಎಂದ. ಈ ಹೆಂಗಸು. ಕಚೇರಿಯ ಮರ್ಯಾದೆ ಹೀಗೇ ಇರಬೇಕು ಎಂದುಕೊಂಡಳು. ಮೈಕಿನ ಮುಂದೆ ನಿಂತು ಗಂಡನ ಊರುಗೋಲು, ಕಲ್ಲು, ಬೆನ್ನ ಹುಣ್ಣು ಎಲ್ಲ ಹೇಳಿದಳು. ಕೊನೆಗೆ, "ಈ ಬೇರು ಇನ್ನೊಬ್ಬರ ಮನೆ ಹಾಳು ಮಾಡೋದು ಬೇಡ, ಮರ ತೆಗೀರಿ," ಎಂದಳು. ಎಲ್ಲರೂ ತಲೆ ತಗ್ಗಿಸಿದರು. ಅವಳು ಹಿಂದೆ ಸರಿದ ಮೇಲೆ ಒಬ್ಬ ಜವಾನ ಬಂದು ಕರವಸ್ತ್ರದಿಂದ ಮೈಕನ್ನು ಒರೆಸಿದ. ಅದನ್ನೂ ಅವಳು ಕಂಡಳು. ಇನ್ನೊಬ್ಬ ಬಂದು, "ನಿಮ್ಮದು ಮುಗೀತು, ಹೊರಗಿರಿ," ಎಂದ. ಆಮೇಲೆ ಒಳಗೆ ಯಾರು ಏನು ಮಾತಾಡಿದರೋ ಅವಳಿಗೆ ಗೊತ್ತಾಗಲಿಲ್ಲ.

ಮರ ಕಡಿಯುವ ದಿನ ಅವಳು ಒಂದೇ ಒಂದು ಬೇಡಿದಳು, ಗಂಡನ ಕಬ್ಬಿಣದ ಪಾದ. ಮೈದುನನಿಗೆ ಹೇಳಿಕಳಿಸಿದಳು. ಅವನು ಬರಲಿಲ್ಲ. ಕೊನೆಗೆ ಗರಗಸದವನೇ ಬೇರನ್ನು ಅದರ ಎರಡೂ ಕಡೆಗೆ ಕೊಯ್ದು, ಕಬ್ಬಿಣ ಹುದುಗಿದ ತುಂಡನ್ನು ಅವಳ ಮುಂದೆ ಉರುಳಿಸಿದ. "ತಗೊಂಡು ಹೋಗಮ್ಮ. ಇದಕ್ಕೆ ಗರಗಸ ತಾಗಿದರೆ ಅದರ ಹಲ್ಲೂ ಹೋಗುತ್ತೆ, ನನ್ನ ಕೆಲಸಾನೂ ಹೋಗುತ್ತೆ."

ಕೆಲಸ ಮುಗಿಯುವವರೆಗೆ ಎಲ್ಲರೂ ಎದ್ದು ಹೋಗಬೇಕೆಂದರು. ಹೋದರು. ಆಸ್ಪತ್ರೆಯ ಹಿಂದಿನ ಗೋಡೆಯ ಬಳಿ ಕೂತರು. ಅಲ್ಲಿ ಹೆಣ ಸಾಗಿಸುವ ಬಾಗಿಲು. ಆ ಬಾಗಿಲಲ್ಲಿ ಬರುವವರು ಕಾಲಿನ ಕಡೆ ನೋಡುವುದಿಲ್ಲ. ಬಿಸಿಲಿಗೆ ಮೇಣ ಕರಗಿ ದಾರ ಜಾರುತ್ತಿತ್ತು. ಬೋಗುಣಿಯ ನೀರು ಕಾದು ಚರ್ಮ ಬೇಯುತ್ತಿತ್ತು. ಅವಳ ಕತ್ತಿನ ಹಿಂದೆ ಬೊಬ್ಬೆ ಎದ್ದಿತು.

"ಎಲ್ಲಿ ನಿನ್ನ ಮೈದುನನ ಚಪ್ಪರ?" ಎಂದು ಬೀಗದವನು ದಿನವೂ ಚುಚ್ಚಿದ. "ತಗಡು ಇನ್ನೂ ಭೂಮಿಯಿಂದ ಅಗೀತಿದ್ದಾರಾ?"

"ಬರುತ್ತೆ ಅಣ್ಣ. ಅವನು ನನ್ನ ಕೈಯಲ್ಲಿ ಬೆಳೆದವನು."

"ಬೆಳೆದ. ಅದಕ್ಕೇ ಈಗ ಅಷ್ಟು ಎತ್ತರದಿಂದ ನಾವು ಕಾಣಲ್ಲ."

ಚಹಾದವಳು ಅಷ್ಟೂ ಮಾತಾಡಲಿಲ್ಲ. ಅತ್ತಿಗೆ ಚಹಾ ಕೇಳಿದರೆ ಮುಖ ತಿರುಗಿಸಿಕೊಂಡು ಕೊಡುತ್ತಿದ್ದಳು. ಅದು ಬೀಗದವನ ಮಾತಿಗಿಂತ ಉರಿಯಿತು.

ಕೆಲಸ ಮುಗಿದ ಸುದ್ದಿ ಬಂತು. ಹೊಸ ಫುಟ್‌ಪಾತನ್ನು ಉದ್ಘಾಟಿಸಲು ದೊಡ್ಡ ಸಾಹೇಬರು ಬರುತ್ತಾರೆ, ಅತ್ತಿಗೆಯನ್ನು ಕರೆತರಬೇಕೆಂದು ಹೇಳಿಕಳಿಸಿದ್ದಾರೆ ಎಂದು ಜವಾನ ಬಂದು ಹೇಳಿದ. ಅವಳ ಮುಖ ಅರಳಿತು. "ನೋಡಿದೆಯಾ ಅಣ್ಣ," ಎಂದಳು. ಗೋಣಿಚೀಲ ಮಡಚಿ, ಅದನ್ನೂ ಬೋಗುಣಿಯನ್ನೂ ಬೇರಿನ ತುಂಡನ್ನೂ ಚಹಾದವಳ ಗಾಡಿಯ ಕೆಳಹಲಗೆಯ ಮೇಲೆ ಇಟ್ಟು, ಹಳೆಯ ಜಾಗಕ್ಕೆ ಹೊರಟಳು. ಗಾಡಿ ತಳ್ಳಿಕೊಂಡು ಉಳಿದವರೂ ಹಿಂದೆ ಬಂದರು.

ಅಲ್ಲಿ ಹೊಂಗೆ ಇರಲಿಲ್ಲ.

ಮಳೆಮರದ ಜಾಗದಲ್ಲಿ ಕೋಲಿನಂಥ ಒಂದು ಗಿಡ ನಿಂತಿತ್ತು. ಕೊಂಬೆಯೆಲ್ಲ ಮೈಗೆ ಅಂಟಿಕೊಂಡು ಸೀದಾ ಮೇಲಕ್ಕೆ. ಬೀದಿಯ ಉದ್ದಕ್ಕೂ ಅಂಥವೇ, ಸಾಲಾಗಿ ಕಂಬ ನೆಟ್ಟ ಹಾಗೆ. ಒಂದೊಂದರ ಸುತ್ತ ಕಬ್ಬಿಣದ ಬಳೆ. ಬಳೆಯ ಮೇಲೆ ಮುಳ್ಳಿನಂತೆ ಮೊನೆಗಳು. ಚಪ್ಪರ ಇರಲಿಲ್ಲ. ಸಾಹೇಬರಿಗೆ ಮಾತ್ರ ಬಟ್ಟೆಯ ಚಪ್ಪರ ಇತ್ತು. ಅತ್ತಿಗೆಯನ್ನು ಬಿಸಿಲಲ್ಲಿ ಗಿಡದ ಪಕ್ಕ ನಿಲ್ಲಿಸಿದರು. ಫೋಟೋಕ್ಕೆ ಬೇಕಿತ್ತು. ಮೈದುನ ಸಾಹೇಬರ ಹಿಂದೆ ನಿಂತಿದ್ದ. ಅವಳ ಕಡೆ ನೋಡಲಿಲ್ಲ.

ಸಾಹೇಬರು ಬರುವುದು ತಡವಾಯಿತು. ಬಂದು ಮಾತಾಡಿದರು.

"ಬಹಳ ಯೋಚನೆ ಮಾಡಿ ಈ ಮರ ಆರಿಸಿದ್ದೇವೆ. ಇದರ ಬೇರು ಕಲ್ಲು ಎತ್ತುವುದಿಲ್ಲ. ಕೊಂಬೆ ಅಂಗಡಿಯ ಬೋರ್ಡು ಮುಚ್ಚುವುದಿಲ್ಲ. ಬುಡದಲ್ಲಿ ಯಾರೂ ಕೂರುವುದಿಲ್ಲ."

ಚಪ್ಪರದಲ್ಲಿ ನಗೆ ಎದ್ದಿತು. ಚಪ್ಪಾಳೆ ಬಿತ್ತು.

"ಹಳೆಯ ಮರ ಹೀಗೇಕಾಯಿತು? ನಮ್ಮ ಮರದ ಅಧಿಕಾರಿಗಳು ಕಾರಣ ಕಂಡುಹಿಡಿದು ಸಭೆಯಲ್ಲಿ ತಿಳಿಸಿದರು. ಇಲ್ಲಿ ಕೂತವರು ಚರ್ಮ ನೆನೆಸಿದ ಕೊಳಕು ನೀರನ್ನು ದಿನಾ ಬುಡಕ್ಕೆ ಸುರಿದರು. ಮೇಲೇ ನೀರು ಸಿಕ್ಕಿತು, ಬೇರು ಮೇಲಕ್ಕೆ ಬಂತು, ಕಲ್ಲು ಎದ್ದಿತು. ಕೊನೆಗೆ ನೀರು ಸುರಿದವನೇ ಮುಗ್ಗರಿಸಿ ಪ್ರಾಣ ಬಿಟ್ಟ. ಅವನ ಹೆಂಡತಿಯೇ ಧೈರ್ಯವಾಗಿ ಬಂದು ಫುಟ್‌ಪಾತು ಖಾಲಿ ಮಾಡಿಸಿ ಎಂದು ಕೇಳಿಕೊಂಡಳು."

ಅತ್ತಿಗೆಯ ಕಿವಿ ಗುಂಯ್ ಎಂದಿತು. ಖಾಲಿ ಮಾಡಿಸಿ ಎಂದು ಅವಳು ಹೇಳಿರಲಿಲ್ಲ. ಅದು ಸುಳ್ಳು. ಆದರೆ ನೀರಿನ ಮಾತು? ಅದು ನಿಜವೂ ಇರಬಹುದು. ಗಂಡನ ಬೋಗುಣಿ, ಗಂಡನ ಪ್ರೀತಿ, ಗಂಡನ ಸಾವು. ಅವಳು ನಂಬಿ ಹೇಳಿದ ಮಾತನ್ನು ಹುಡುಗ ಎತ್ತಿಕೊಂಡು ಹೋಗಿ, ಸತ್ತ ಅಣ್ಣನ ಕೈಗೇ ಅಣ್ಣನ ಕೊಲೆಯನ್ನು ಕಟ್ಟಿದ್ದ. ನಿಜವನ್ನೇ ಹೇಳಿಯೂ ದ್ರೋಹ ಮಾಡಬಹುದು ಎಂದು ಅವಳಿಗೆ ಅಂದು ಗೊತ್ತಾಯಿತು.

ಹಿಂದೆ ಚಹಾದವಳು ಬಿಕ್ಕಿದ್ದು ಕೇಳಿಸಿತು.

ಮೈದುನ ಮುಂದೆ ಬಂದ. ಕೈಯಲ್ಲಿ ಹೊಳೆಯುವ ಚೊಂಬು. "ನೀರು ಹಾಕಿ ಅಮ್ಮ," ಎಂದ, ಗುರುತಿಲ್ಲದವರಿಗೆ ಹೇಳುವ ಹಾಗೆ.

ಅವಳು ಚೊಂಬು ತೆಗೆದುಕೊಂಡಳು. ಹಾಕಲಿಲ್ಲ. ಸಾಹೇಬರ ಕಡೆ ತಿರುಗಿದಳು.

"ನಮ್ಮ ನೀರು ತಾಗಿ ಬೇರು ಮೇಲೆ ಬಂತು ಅಂದಿರಿ. ಮತ್ತೆ ನನ್ನ ಕೈಯಲ್ಲಿ ಯಾಕೆ ಸ್ವಾಮಿ ನೀರು?"

ಸಾಹೇಬರು ನಕ್ಕರು. "ಇದು ಶುದ್ಧ ನೀರು ಕಣಮ್ಮ. ಹಾಕು."

"ಶುದ್ಧವಾ?"

ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗಿಟ್ಟಳು. ಗಟಗಟ ಕುಡಿದಳು. ನೀರು ಗದ್ದದಿಂದ ಇಳಿದು ಸೀರೆ ನೆನೆಯಿತು. ಖಾಲಿ ಚೊಂಬನ್ನು ಕಲ್ಲಿನ ಮೇಲೆ ಕವುಚಿ ಇಟ್ಟಳು.

"ಬೆಳಗಿಂದ ಬಿಸಿಲಲ್ಲಿ ನಿಲ್ಲಿಸಿದ್ದೀರಿ. ಆ ಕೋಲಿಗಿಂತ ನನಗೇ ಹೆಚ್ಚು ಬಾಯಾರಿತ್ತು."

ಆಮೇಲೆ ಚಹಾದವಳ ಗಾಡಿಯ ಹತ್ತಿರ ಹೋದಳು. ಬೇರಿನ ತುಂಡನ್ನು ಸೊಂಟಕ್ಕೆ ಎತ್ತಿಕೊಂಡಳು. ಒಂದು ಕಾಲದಲ್ಲಿ ಮೈದುನನನ್ನು ಎತ್ತಿಕೊಳ್ಳುತ್ತಿದ್ದ ಅದೇ ಸೊಂಟ. ತಂದು ಹೊಸ ಕಲ್ಲಿನ ಮೇಲೆ, ಗಂಡ ಕೂರುತ್ತಿದ್ದ ಜಾಗದಲ್ಲಿ, ದೊಪ್ಪೆಂದು ಇಳಿಸಿದಳು. ಗೋಣಿಚೀಲ ಹಾಸಿದಳು. ಕೂತಳು. ಬೋಗುಣಿಗೆ ನೀರು ಬಗ್ಗಿಸಿ ಒಂದು ಚರ್ಮದ ತುಂಡು ಮುಳುಗಿಸಿದಳು.

ಕಾವಲುಗಾರರು ಮುಂದೆ ಬಂದರು. ಫೋಟೋದವರೂ ಬಂದರು. ಮೈದುನನ ಮುಖ ಬಿಳಿಚಿತು. ಓಡಿ ಬಂದು ಅವಳ ಮುಂದೆ ಬಗ್ಗಿದ.

"ಅತ್ತಿಗೇ! ಏಳಿ. ಅತ್ತಿಗೆ, ಕಾಲಿಗೆ ಬೀಳ್ತೀನಿ, ನನ್ನ ಮಾನ ಕಳೀಬೇಡಿ!"

ಗಾಬರಿಯಲ್ಲಿ ಬಂದ ಕೂಗು. ಚಿಕ್ಕಂದಿನಲ್ಲಿ ಹಸಿವಾದಾಗ ಕೂಗುತ್ತಿದ್ದ ಅದೇ ದನಿ. ಇಡೀ ಚಪ್ಪರ ತಿರುಗಿ ನೋಡಿತು.

ಸಾಹೇಬರು ಹುಬ್ಬು ಗಂಟಿಕ್ಕಿದರು. "ಅತ್ತಿಗೆಯಾ? ಈಕೆ ನಿಮ್ಮವರಾ?"

ಅವನು ನೆಟ್ಟಗೆ ನಿಂತ. ಅಂಗಿ ಸರಿಮಾಡಿಕೊಂಡ. ಅತ್ತಿಗೆ ಕತ್ತೆತ್ತಿ ಅವನ ಮುಖವನ್ನೇ ನೋಡುತ್ತಿದ್ದಳು. ಹೌದು ಎಂದುಬಿಡು ಮಗನೇ. ಅಷ್ಟು ಹೇಳು ಸಾಕು. ಎದ್ದು ಹೋಗುತ್ತೇನೆ. ನೆರಳೂ ಬೇಡ, ಜಾಗವೂ ಬೇಡ.

"ಅಲ್ಲ ಸರ್," ಎಂದ ಅವನು. "ಇಲ್ಲಿ ಎಲ್ಲರೂ ಹಾಗೇ ಕರೀತಾರೆ."

ಅತ್ತಿಗೆ ಬೋಗುಣಿಯಿಂದ ಚರ್ಮದ ತುಂಡು ತೆಗೆದು ಹಿಂಡಿದಳು. ಆಮೇಲೆ ಹೇಳಿದಳು. ದನಿ ಏರಿಸಲಿಲ್ಲ.

"ನಿಜ ಸ್ವಾಮಿ. ಎಲ್ಲರೂ ಹಾಗೇ ಕರೀತಾರೆ. ಇವರು ಯಾರೋ ನನಗೆ ಗೊತ್ತಿಲ್ಲ. ನನಗೊಬ್ಬ ಮೈದುನ ಇದ್ದ. ಅವನೂ ಅವರಣ್ಣನ ಜೊತೆಗೇ ಹೋದ."

ಸುತ್ತಿಗೆ ಎತ್ತಿಕೊಂಡು ಕಬ್ಬಿಣದ ಪಾದದ ಮೇಲೆ ಒಂದು ಚಪ್ಪಲಿಯ ಹಿಮ್ಮಡಿಯನ್ನು ಬಡಿಯತೊಡಗಿದಳು. ಬೇರು ಏಟನ್ನು ಹಿಡಿದುಕೊಂಡಿತು. ಕುಣಿಯಲಿಲ್ಲ.

ಕಾರುಗಳು ಹೋದವು. ಮೈದುನನೂ ಹೋದ. ಹೋಗುವಾಗ ಕಾವಲುಗಾರರಿಗೆ ಏನೋ ಹೇಳಿದ. ಅವರಲ್ಲಿ ವಯಸ್ಸಾದವನು ಬಂದು, "ಸಂಜೆವರೆಗೂ ಕೂತಿರಮ್ಮ. ಆಮೇಲೆ ನಾವೇ ಎತ್ತಿ ಹಾಕಬೇಕು ಅಂತ ಹೇಳಿದ್ದಾರೆ," ಎಂದ.

"ಎತ್ತಿ. ಬೇರಿನ ಸಮೇತ ಎತ್ತಬೇಕಾಗುತ್ತೆ. ಭಾರ ಇದೆ."

ಬಿಸಿಲು ನೆತ್ತಿಯ ಮೇಲಿಂದ ಇಳಿದು ಕತ್ತಿನ ಬೊಬ್ಬೆಗೆ ಹೊಡೆಯುತ್ತಿತ್ತು. ಇದ್ದಕ್ಕಿದ್ದಂತೆ ಹೊಡೆಯುವುದು ನಿಂತಿತು. ಅವಳು ತಿರುಗಿ ನೋಡಿದಳು. ಬೀಗದವನು ಅವಳ ಬೆನ್ನ ಹಿಂದೆ, ಬಿಸಿಲಿಗೆ ಅಡ್ಡ ನಿಂತಿದ್ದ.

"ಬಡಕಲು ದೇಹ, ಏನು ಮಾಡೋದು," ಎಂದ. "ಆದರೂ ಆ ಗಿಡಕ್ಕಿಂತ ನಾನೇ ವಾಸಿ. ಹೊಲಿ, ಹೊಲಿ."

ಅವಳು ಹೊಲಿದಳು. ಆಸ್ಪತ್ರೆಯಿಂದ ಬಂದವರ ಚಪ್ಪಲಿ ಹೊಲಿದಳು. ಚಹಾದವಳು ಬಂದು ಲೋಟ ಇಟ್ಟಳು. ಈ ಸಲ ಮುಖ ತಿರುಗಿಸಲಿಲ್ಲ.

ಸಂಜೆ ಕಾವಲುಗಾರರು ಬೀದಿಯ ಆ ತುದಿಯಿಂದ ಬರುತ್ತಿರುವುದು ಕಾಣಿಸಿತು. ಅತ್ತಿಗೆ ದಾರ ಕತ್ತರಿಸಿ, ಬೋಗುಣಿ ಕೈಗೆತ್ತಿಕೊಂಡಳು. ಆ ಗಿಡದ ಕಡೆ ನೋಡಲಿಲ್ಲ. ಚರಂಡಿಯ ಕಡೆಯೂ ನೋಡಲಿಲ್ಲ. ಚರ್ಮ ನೆನೆಸಿದ ನೀರನ್ನು ನಿಧಾನವಾಗಿ ಬೇರಿನ ತುಂಡಿನ ಮೇಲೆ ಹಾಕಿದಳು. ಒಣಗಿದ ಬೇರು ನೀರು ಕುಡಿಯಿತು.

ದೇವರೇ, ಎಂದಳು. ನಮ್ಮ ಯಜಮಾನರಿಗೆ ನೋವಿಲ್ಲದ ಜಾಗ ಕೊಡು. ಬೀಗದಣ್ಣನ ಕಣ್ಣು ಕಾಯಿ. ಚಹಾದವಳ ಒಲೆ ಆರದಿರಲಿ.

ಇನ್ನೊಂದು ಹೆಸರು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂತು. ಅಲ್ಲೇ ತಡೆದಳು. ಬೋಗುಣಿಯನ್ನು ಕವುಚಿ ಇಟ್ಟು, ಎರಡೂ ಕೈಯಿಂದ ಬೇರನ್ನು ಹಿಡಿದುಕೊಂಡು ಕೂತಳು. ಕಾವಲುಗಾರರ ಬೂಟಿನ ಸದ್ದು ಹತ್ತಿರ ಬಂತು.